ಬೀಗವಿಲ್ಲದ ಊರಿನಿಂದ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಚೆನ್ನಾಗಿದ್ದೇನೆ ಅಂತ ಬರೆಯಲು ಕೂತೆ, ಕೈ ಏಳಲಿಲ್ಲ. ನನಗೆ ಭಯವಾಗುತ್ತಿದೆ.

ಮದುವೆ ಮಾತುಕತೆಗೆ ಬಂದಾಗ ಬಸ್ ನಿಲ್ದಾಣದ ‘ಬೀಗವಿಲ್ಲದ ಊರಿಗೆ ಸ್ವಾಗತ’ ಫಲಕ ಓದಿ ಎಷ್ಟು ಹಿಗ್ಗಿದ್ದೆ ನೀನು. ಇಂಥ ಊರಿಗೆ ಮಗಳನ್ನು ಕೊಟ್ಟರೆ ನಿಶ್ಚಿಂತೆಯಾಗಿ ನಿದ್ದೆ ಮಾಡಬಹುದು ಅಂದಿದ್ದೆ. ಈಗ ಆ ನಿದ್ದೆಗೇ ಕಲ್ಲು ಹಾಕುತ್ತಿದ್ದೇನೆ, ಬೈಯಬೇಡ. ಇಲ್ಲಿ ಬೀಗವಷ್ಟೇ ಅಲ್ಲ, ಬಾಗಿಲಿಗೆ ಚಿಲಕವೂ ಇಲ್ಲ. ಬಚ್ಚಲಿಗೂ ಇಲ್ಲ. ನೀರು ತುಂಬಿದ ಬಕೆಟ್ಟನ್ನು ಬಾಗಿಲಿಗೆ ಒತ್ತಿಟ್ಟು ಸ್ನಾನ ಮಾಡುತ್ತೇನೆ.

ಇವರು ಮಿಲ್ಲಿಗೆ ಹೋದ ಮೇಲೆ ಯಾರೋ ಮನೆಯೊಳಗೆ ಬರುತ್ತಾರಮ್ಮ. ಏನೂ ಕದಿಯುವುದಿಲ್ಲ. ಹೊಲಿಗೆ ಯಂತ್ರದ ಮೇಲೆ ಬಿಟ್ಟ ಬಟ್ಟೆ ಮಡಚಿರುತ್ತದೆ. ಮೊನ್ನೆ ಕಾಲರ್ ಹೊಲಿದು ಸಾಕಾಗಿ ಚಾಪೆಯ ಮೇಲೆ ಹಾಗೇ ಒರಗಿದ್ದೆ. ಎದ್ದಾಗ ಮೈಮೇಲೆ ಹೊದಿಕೆ ಇತ್ತು. ಅದನ್ನು ನಾನು ಪೆಟ್ಟಿಗೆಯಿಂದ ತೆಗೆದೇ ಇರಲಿಲ್ಲ.

ಇವರಿಗೆ ಹೇಳಿದರೆ, “ನಿದ್ದೆಗಣ್ಣಲ್ಲಿ ನೀನೇ ತಗೊಂಡು ಹೊದ್ಕೊಂಡಿರ್ತೀಯ ಬಿಡು” ಅಂದರು. ಒಂದು ಚಿಲಕ ಹಾಕಿಸಿ ಅಂತ ಅಂಗಲಾಚಿದೆ. ಅತ್ತೆಯ ಕಿವಿಗೆ ಬಿತ್ತು. “ಊರಿಗೇ ಇಲ್ದಿರೋ ಕಳ್ಳ ನಿನ್ನೊಬ್ಬಳ ಮನೆಗೆ ಬರ್ತಾನಾ?” ಅಂದರು. ಬಡಗಿಯನ್ನು ಕೇಳಿದೆ. ಆತ ಸುದ್ದಿಯನ್ನು ನೇರ ಪಕ್ಕದ ಮನೆಯ ಭಾವನವರಿಗೆ ಮುಟ್ಟಿಸಿದ. ಇವರ ಅಣ್ಣನೇ ಅಲ್ಲವೇ ಊರ ಸಮಿತಿಯ ಅಧ್ಯಕ್ಷರು, ಆ ಫಲಕ ಬರೆಸಿದವರು. ಬಾಗಿಲಲ್ಲಿ ನಿಂತು, ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾ ಮೆತ್ತಗೆ ಬುದ್ಧಿ ಹೇಳಿ ಹೋದರು, ಊರ ಹೆಸರು ಎಲ್ಲಕ್ಕಿಂತ ದೊಡ್ಡದು ಅಂತ.

ನನ್ನನ್ನು ನಂಬಿದ್ದು ಇವರ ಅಜ್ಜಿ ಒಬ್ಬರೇ. ಹಿಂದೆ ಇವೆಲ್ಲ ಮಿಲ್ಲಿನ ಮನೆಗಳಂತೆ. ಕೆಲಸದವರು ನೂಲು ಬಚ್ಚಿಡುತ್ತಾರೆಂದು ಮಾಲೀಕ ಎಲ್ಲರ ಮನೆಯ ಚಿಲಕ ಕೀಳಿಸಿದನಂತೆ. ಹುಡುಕುವ ನೆಪದಲ್ಲಿ ಮೇಸ್ತ್ರಿಗಳು ನುಗ್ಗುತ್ತಿದ್ದರಂತೆ. “ಗಂಡಸರು ಪಾಳಿಗೆ ಹೋದ್ಮೇಲೇ ಅವರಿಗೆ ನೂಲಿನ ನೆನಪಾಗ್ತಿತ್ತು ಕಣೇ” ಅಂದರು ಅಜ್ಜಿ. ಮಾಲೀಕ ಸತ್ತು ಎಷ್ಟೋ ಕಾಲವಾಯಿತು. ಈಗ ಊರೆಲ್ಲ ‘ಬೀಗವಿಲ್ಲದ ಊರು’ ಅಂತ ಹೇಳಿಕೊಂಡು ಬೀಗುತ್ತದೆ.

ಅಪ್ಪನಿಗೆ ತಿಳಿಸಬೇಡ, ರಂಪ ಮಾಡುತ್ತಾರೆ. ಹಳೇ ಸೀರೆಯಲ್ಲಿ ಸುತ್ತಿ ಒಂದು ಚಿಲಕ, ಜೊತೆಗೆ ಸ್ಕ್ರೂ ಕಳಿಸು. ನಾನೇ ಹಾಕಿಕೊಳ್ಳುತ್ತೇನೆ.

ಇಂತಿ,
ನಿನ್ನ ಬಾಯಿಬಡುಕಿ

ತಾ.ಕ.: ಯಾರೋ ಅಂತ ಬರೆದೆನಲ್ಲ, ಅದು ಸುಳ್ಳು. ಹೊದಿಸುವಾಗ ನನಗೆ ಎಚ್ಚರವಿತ್ತು. ಕಣ್ಣು ಬಿಡಲು ಧೈರ್ಯ ಬರಲಿಲ್ಲ. ಹೊರಗೆ ಹೋಗುತ್ತಾ ಭಾವ ಎಂದಿನಂತೆ ಗಂಟಲು ಸರಿಮಾಡಿಕೊಂಡರು. ಚಿಲಕ ಬೇಡಮ್ಮ. ಅಪ್ಪನಿಗೆ ಹೇಳು, ಬಂದು ಕರೆದುಕೊಂಡು ಹೋಗಲಿ.