ದರ್ಜಿ ಮಾವನ ಮನೆಯ ಕೆಂಪು ಗುರುತು

ಶಾಲೆಯ ಆಸರೆ ಕೇಂದ್ರ,
ಹದಿನಾಲ್ಕನೇ ತಾರೀಖು, ಬುಧವಾರ

ಪ್ರೀತಿಯ ಅಪ್ಪಾ,

ಕಣ್ಣಿನ ಕಟ್ಟು ಬಿಚ್ಚಿದರೇ? ಅಕ್ಕ ಹೊತ್ತುಹೊತ್ತಿಗೆ ಔಷಧಿ ಹಾಕುತ್ತಿದ್ದಾಳೆ ತಾನೆ? ಕಣ್ಣು ಉಜ್ಜಬೇಡಿ, ನಿಮ್ಮ ಕೈ ಸುಮ್ಮನಿರುವುದಲ್ಲ, ನನಗೆ ಗೊತ್ತು. ನನ್ನ ಮೈಗೇನೂ ಆಗಿಲ್ಲ.

ಚಂಡಮಾರುತ ಹೋಗಿ ಒಂಬತ್ತು ದಿನವಾಯಿತು. ಬೀದಿ ತೆರವು ಮಾಡುವ ತಂಡಕ್ಕೆ ನಾನೂ ಸೇರಿದ್ದೇನೆ. ತಗಡು ಒಂದು ಕಡೆ, ಮರ ಒಂದು ಕಡೆ, ಕೊಳೆತ ಹಾಸಿಗೆಗಳ ಗುಡ್ಡೆ ಇನ್ನೊಂದು ಕಡೆ. ಫ್ರಿಜ್ಜುಗಳ ಬಾಗಿಲನ್ನು ಮಾತ್ರ ಯಾರೂ ತೆರೆಯುವುದಿಲ್ಲ. ಹಗ್ಗದಿಂದ ಬಿಗಿದು ಹಾಗೇ ಲಾರಿಗೇರಿಸುತ್ತೇವೆ. ನಮ್ಮ ಮನೆಯ ಚಾವಣಿ ಹಾರಿಹೋಗಿದೆ, ಗೋಡೆ ನಿಂತಿದೆ. ನಿಮ್ಮ ಒರಗು ಕುರ್ಚಿ ಕ್ಷೌರದಂಗಡಿಯ ಮಾಡಿನ ಮೇಲೆ ಸಿಕ್ಕಿತು. “ನಿಮ್ಮಪ್ಪ ಅದ್ರಲ್ಲೇ ಕೂತಿದ್ದಾರೇನೋ ಅಂದ್ಕೊಂಡೆ” ಎಂದ ಕ್ಷೌರಿಕ. ಅವತ್ತೊಂದು ದಿನ ನಕ್ಕೆವು.

ನಿಮ್ಮ ಗೆಳೆಯ ದರ್ಜಿ ಮಾವನ ವಿಷಯ ಕೇಳಿದ್ದಿರಿ. ಹೇಗೆ ಬರೆಯಲಿ ಅಪ್ಪಾ, ಮಾವ ಇಲ್ಲ. ಗಾಳಿಯ ಹಿಂದಿನ ಸಂಜೆ ಅವರು ಬಸ್ಸು ಹತ್ತಿದ್ದನ್ನು ಬೀದಿಯೆಲ್ಲ ನೋಡಿತ್ತು. ಹೊಲಿಗೆ ಯಂತ್ರ ಬಿಟ್ಟುಹೋಗಲು ಮನಸ್ಸಾಗದೆ ನಡುದಾರಿಯಲ್ಲೇ ಇಳಿದು ವಾಪಸಾದರಂತೆ. ಕಂಡಕ್ಟರ್ ನಮಗೆ ಹೇಳಿದ್ದು ನಿನ್ನೆ, ಮಾವ ಸಿಕ್ಕ ಮೇಲೆ. ಕುಸಿದ ಅವರ ಮನೆಗೆ ‘ಖಾಲಿ’ ಎಂದು ಕೆಂಪು ಗುರುತು ಬಿದ್ದಿದ್ದರಿಂದ ಅದರ ಸರದಿ ಕೊನೆಗೆ ಬಂತು. ಜೆಸಿಬಿಯವನು ಎರಡನೇ ಸಲ ಬಕೆಟ್ಟು ಇಳಿಸಿದವನೇ ಕೆಳಗೆ ಹಾರಿದ. “ಯಾರೂ ಇಲ್ಲ ಅಂದಿದ್ರಲ್ರೀ! ಬನ್ನಿ ಇಲ್ಲಿ!” ಆಮೇಲೆ ಕೈಯಿಂದಲೇ ಇಟ್ಟಿಗೆ ತೆಗೆದೆವು. ಮಾವ ಕತ್ತರಿಸುವ ಮೇಜಿನಡಿಯಲ್ಲಿ ಮುದುಡಿ ಮಲಗಿದ್ದರು. ಅವರ ಮಗಳು ಬರುವ ತನಕ ಕಾಯುವ ಸ್ಥಿತಿಯಿರಲಿಲ್ಲ, ಇವತ್ತು ಬೆಳಿಗ್ಗೆ ಮಣ್ಣು ಮಾಡಿದೆವು. ನಿಮ್ಮ ಹೆಸರಿನಲ್ಲಿ ನಾನೂ ಒಂದು ಹಿಡಿ ಹಾಕಿದೆ.

ಅಳಬೇಡಿ ಅಂದರೆ ಕೇಳುವವರಲ್ಲ ನೀವು. ಅಕ್ಕನ ಹತ್ತಿರವೇ ಇರಿ. ಅವಳಿಗೆ ನನ್ನ ಪ್ರೀತಿ, ನಿಮ್ಮ ಪಾದಕ್ಕೆ ನಮಸ್ಕಾರ.

ನಿಮ್ಮ ಕಿರಿಮಗಳು

ಮತ್ತೆ: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಅಪ್ಪಾ, ಗಾಳಿ ನಿಂತ ಮರುದಿನ ಆ ಗುರುತು ಹಾಕಿದವಳು ನಾನೇ. ಮೂರು ಸಲ ಕೂಗಬೇಕು, ಗೋಡೆ ತಟ್ಟಬೇಕು, ಸದ್ದಿಲ್ಲದೆ ನಿಂತು ಕಿವಿಗೊಡಬೇಕು ಅಂತ ನಿಯಮ. ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೆನಲ್ಲ, ಒಂದೇ ಸಲ ಕೂಗಿ ಮುಂದಿನ ಮನೆಗೆ ಹೋದೆ. ಮನೆ ಕುಸಿದ ಮೇಲೂ ಮಾವ ಎರಡು ದಿನವಾದರೂ ಬದುಕಿದ್ದಿರಬೇಕು ಅಂದರು ಡಾಕ್ಟರು. ಯಾರೂ ನನ್ನನ್ನು ಕೇಳಿಲ್ಲ. ನಾಳೆ ಮಾವನ ಮಗಳು ಬರುತ್ತಾಳೆ. ನಾನೇ ಹೇಳುತ್ತೇನೆ. ನಿಮಗೆ ಹೇಳದೆ ಅವಳ ಮುಖ ನೋಡಲಾರೆ.