ಪಕ್ಕದ ಸೀಟಿನ ಕೈ

ಕೆಟರಿಂಗ್, ಇಂಗ್ಲೆಂಡ್, ಭಾನುವಾರ

ಡೆಸ್ಮಂಡ್,

ನಾನು ರೈಲು ಹಿಡಿದು ಇಂಗ್ಲೆಂಡಿಗೆ, ನಮ್ಮ ಮನೆಗೆ ವಾಪಸು ಬಂದಿದ್ದೇನೆ. ಫ್ರಾನ್ಸಿನ ಹಳ್ಳಿಮನೆಯಲ್ಲಿ ನೀನೊಬ್ಬನೇ ರಜೆ ಕಳೆ.

ಅಲ್ಲಿಗೆ ಹೋಗುವ ದಾರಿಯ ಪೆಟ್ರೋಲ್ ಬಂಕಿನಲ್ಲಿ ನಾನು ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ನೀನು ಕಾರು ಬಿಟ್ಟುಕೊಂಡು ಹೋಗಿಬಿಟ್ಟಿದ್ದೆ. ಪಕ್ಕದ ಸೀಟು ಖಾಲಿಯಿದೆಯೆಂದು ನಿನಗೆ ಗೊತ್ತಾಗಿದ್ದೇ ಟೋಲ್‌ಗೇಟಿನಲ್ಲಿ. ನಮ್ಮ ಕಾರಿನ ಸ್ಟಿಯರಿಂಗ್ ಬಲಕ್ಕೆ, ಫ್ರಾನ್ಸಿನಲ್ಲಿ ಟೋಲ್ ಚೀಟಿಯ ಯಂತ್ರ ಎಡಕ್ಕೆ, ನಾನು ಕೂರುವ ಕಡೆಗೆ. ಆಗ ಫೋನ್ ಮಾಡಿ ಕೇಳಿದೆ: "ಎಲ್ಲಿ ಹಾಳಾಗ್ಹೋದೆ? ಹಿಂದಿನೋರು ಹಾರ್ನ್ ಹೊಡೀತಿದಾರೆ, ಈ ಚೀಟಿ ಯಾರು ತಗೋತಾರೆ?"

ಪ್ರತಿ ಬೇಸಿಗೆಯೂ ನನ್ನನ್ನು ಯಾಕೆ ಕರೆದುಕೊಂಡು ಹೋಗುತ್ತಿದ್ದೆ ಎಂದು ಕೊನೆಗೂ ತಿಳಿಯಿತು.

ಕಾರಿನಲ್ಲಿರುವ ನನ್ನ ಕನ್ನಡಕವನ್ನು ಅಂಚೆಯಲ್ಲಿ ಕಳಿಸು. ವಾಪಸು ಹೊರಡುವಾಗ ಹಳ್ಳಿಮನೆಯ ಅಗ್ಗಿಷ್ಟಿಕೆಯ ಉದ್ದನೆಯ ಇಕ್ಕಳವನ್ನು ಪಕ್ಕದ ಸೀಟಿನಲ್ಲಿಟ್ಟುಕೋ. ಚೀಟಿ ಎಳೆಯಲು ಅದು ಸಾಕು. ದಾರಿಯಲ್ಲಿ ಇಳಿಯಬೇಕು ಅಂತಲೂ ಅನ್ನುವುದಿಲ್ಲ.

ಇಷ್ಟು ವರ್ಷ ಅಲ್ಲಿ ಕೂತಿದ್ದ,
ಹಿಲರಿ