ಅಮ್ಮನ ಕೋಣೆಗೆ ನಾಲ್ಕು ಬಣ್ಣ

ವೆಸ್ಟ್ ಮಾಂಬಲಂ, ಚೆನ್ನೈ
ಶನಿವಾರ, ೧೪ ಜೂನ್ ೨೦೨೫

ಪ್ರೀತಿಯ ಸೀತಾ,

ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತಿಳಿಯಬೇಡ ಎಂದು ಡಾಕ್ಟರು ಹೇಳಿದ ಮೇಲೂ ಮೂರು ಮಹಡಿ ಇಳಿದು ಪೂಜೆಗೆ ಹೂ ಕೊಯ್ಯಲು ಹೋಗುತ್ತೀ ಎಂದು ಅನಿಲ್ ಭಾವ ದೂರು ಹೇಳಿದರು. ಇಲ್ಲಿ ನಾವಿಬ್ಬರೂ ಆರೋಗ್ಯ. ನನ್ನ ಬಿಪಿ ಮಾತ್ರ ಪತ್ರಿಕೆ ಓದಿದ ಕೂಡಲೇ ಏರುತ್ತದೆ, ಹಾಗಾಗಿ ಚಂದ್ರಮತಿ ಈಗ ಮೊದಲು ಮಾತ್ರೆ ಕೊಡುತ್ತಾಳೆ, ಆಮೇಲೆ ಪತ್ರಿಕೆ.

ಶ್ರೀಯಾ ಹಾಸ್ಟೆಲ್ ಬೇಡ, ಮಾವನ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತೇನೆ ಎಂದು ಹಟ ಹಿಡಿದದ್ದು ಕೇಳಿ ನಿನ್ನ ಅತ್ತಿಗೆ ಎರಡು ದಿನ ನೆಲದ ಮೇಲೆ ನಿಲ್ಲಲಿಲ್ಲ. ಅಮ್ಮನ ವೈಕುಂಠ ಸಮಾರಾಧನೆ ಮುಗಿಸಿ ಹೊರಟವಳು ನೀನು, ಹತ್ತು ವರ್ಷವಾಗುತ್ತ ಬಂದರೂ ಈ ಹೊಸ್ತಿಲು ತುಳಿದಿಲ್ಲ. “ಆ ಊರಿಗೆ ಇನ್ನು ನಾನು ಬರುದಿಲ್ಲ ಅಣ್ಣಯ್ಯ” ಎಂದಿದ್ದೆ. ಮಗಳಾದರೂ ಬರುತ್ತಾಳಲ್ಲ. ಅಮ್ಮನ ಕೋಣೆಯನ್ನೇ ಅವಳಿಗೆ ಕೊಡುವುದೆಂದು ಮಾಡಿದ್ದೇವೆ. ಅವಳು ವಾಟ್ಸಾಪಿನಲ್ಲಿ ನಾಲ್ಕು ಬಣ್ಣ ಆರಿಸಿ ಕಳಿಸಿದ್ದಾಳೆ. ಅವಕ್ಕೆ ಕಂಪನಿಯವರು ಇಟ್ಟ ಹೆಸರು ನೋಡಬೇಕು ನೀನು. ಒಂದು ಯಾವುದೋ ದೇಶದ ಮುಂಜಾವಂತೆ, ಇನ್ನೊಂದು ಯಾರದೋ ಪಿಸುಮಾತಂತೆ. ನಾಲ್ಕರಲ್ಲಿ ಒಂದರಲ್ಲೂ ಬಣ್ಣದ ಹೆಸರಿಲ್ಲ. ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆಂದು ತಿಳಿಯಬಾರದು ಎಂಬುದೇ ಈಗಿನ ವ್ಯಾಪಾರದ ನೀತಿ. ನಾನು ನನ್ನ ಲೆಕ್ಕಕ್ಕೆ ಕೆನೆ, ತಿಳಿನೀಲಿ, ಪಿಸ್ತಾ, ಬೂದಿ ಎಂದು ಕರೆದುಕೊಂಡೆ.

ಪೇಂಟರ್ ಏಳುಮಲೈ ಹಳೆಯ ಬಣ್ಣ ಕೆರೆದು, ಪುಟ್ಟಿ ಹಚ್ಚಿ, ಪ್ರೈಮರ್ ಹೊಡೆದು, ದಕ್ಷಿಣದ ಗೋಡೆಯ ಮೇಲೆ ಪತ್ರಿಕೆಯ ಪುಟದಷ್ಟಗಲ ನಾಲ್ಕು ತುಂಡು ಬಳಿದು ಹೋದ. ಒಂದು ವಾರದಿಂದ ನಾನು ಅದರೆದುರು ಕುರ್ಚಿ ಹಾಕಿಕೊಂಡಿದ್ದೇನೆ. ಕೆನೆ ಬೆಳಿಗ್ಗೆ ಚೆಂದ. ಮಧ್ಯಾಹ್ನ ಕಿಟಕಿಯ ಬಿಸಿಲು ಬಿದ್ದರೆ ಆಸ್ಪತ್ರೆಯ ಹಾಸಿಗೆ ಬಟ್ಟೆಯಂತಾಗುತ್ತದೆ. ತಿಳಿನೀಲಿ ಒಣಗಿದ ಮೇಲೆ ಹಸಿರಿಗೆ ತಿರುಗಿತು. ಪಿಸ್ತಾ ಶ್ರೀಯಾಳಿಗೆ ಇಷ್ಟವಂತೆ, ನನಗೆ ಅದು ಸರ್ಕಾರಿ ಕಚೇರಿಯ ಗೋಡೆ. ಬೂದಿ ಒಂದೇ ಏನನ್ನೂ ಹೇಳುವುದಿಲ್ಲ, ಆದರೆ ಹದಿನೆಂಟರ ಹುಡುಗಿಯನ್ನು ಬೂದಿಯ ನಡುವೆ ಮಲಗಿಸುವುದು ಹೇಗೆ? “ಗೋಡೆ ನೋಡ್ತಾ ಕೂತ್ರೆ ಬಣ್ಣ ಬೇಗ ಒಣಗುದಾ? ಒಂದು ಹೇಳಿ ಮುಗಿಸಿ” ಎಂದು ಚಂದ್ರಮತಿ ಗದರುತ್ತಾಳೆ. ನಾನು ನೋಡುತ್ತಿರುವುದು ಬಣ್ಣವನ್ನಲ್ಲ ಎಂಬುದು ಅವಳಿಗೆ ತಿಳಿಯದು.

ನಾಲ್ಕೂ ತುಂಡುಗಳಲ್ಲಿ, ಸೊಂಟದೆತ್ತರದಲ್ಲಿ, ಆ ಗೆರೆ ಮತ್ತೆ ಎದ್ದಿದೆ. ೨೦೧೫ರ ಡಿಸೆಂಬರಿನಲ್ಲಿ ನೀರು ನಿಂತ ಗೆರೆ. ಈ ಗೋಡೆಗೆ ಮೂರು ಸಲ ಬಣ್ಣ ಹೊಡೆಸಿದ್ದೇನೆ. ಮೊದಲು ಉಪ್ಪು ಬೆವರಿದಂತೆ, ಆಮೇಲೆ ಚಹಾ ಚೆಲ್ಲಿದಂತೆ, ಪ್ರತಿ ಸಲವೂ ಅದೇ ಎತ್ತರದಲ್ಲಿ ಬರುತ್ತದೆ. ಮಂಗಳವಾರ ಏಳುಮಲೈ ಅದರ ಮೇಲೆ ಬೆರಳಾಡಿಸಿ, “ಕರೆ ತಿರುಂಬ ವರುಂ ಸಾರ್. ಎಂದ ಕಲರ್ ಅಡಿಚ್ಚಾಲುಂ ವರುಂ” ಎಂದ. ತಮಿಳಿನಲ್ಲಿ ಕರೆ ಎಂದರೆ ಕಲೆ, ಯಾವ ಬಣ್ಣ ಹೊಡೆದರೂ ಕಲೆ ತಿರುಗಿ ಬರುತ್ತದೆ ಎಂದನಷ್ಟೆ. ನಲವತ್ತು ವರ್ಷ ಈ ಊರಿನಲ್ಲಿದ್ದವನಿಗೆ ಅಷ್ಟು ತಮಿಳು ಬಾರದೆ? ಆದರೆ ಪುಸ್ತಕದ ಕನ್ನಡದಲ್ಲೇ ಬೆಳೆದ ಕಿವಿ ನನ್ನದು. ಕರೆ ಮತ್ತೆ ಬರುತ್ತದೆ ಎಂದು ಕೇಳಿಸಿ, ಯೋಚಿಸದೆ, “ಯಾರೋಡದು?” ಎಂದುಬಿಟ್ಟೆ. ಯಾರದು ಎಂದು. ಅವನು ನನ್ನ ಮುಖವನ್ನೇ ನೋಡಿದ. “ತಣ್ಣಿಯೋಡದು ದಾನ್ ಸಾರ್” ಎಂದ. ನೀರಿನದ್ದೇ.

ಆ ನೀರು ನುಗ್ಗಿದ ದಿನ ಚಂದ್ರಮತಿ ತವರಿನಲ್ಲಿ ಉಪನಯನಕ್ಕೆ ಹೋಗಿದ್ದಳು. ನಾನು ಮೌಂಟ್ ರೋಡಿನ ಆಫೀಸಿನಲ್ಲಿ ಸಿಕ್ಕಿಬಿದ್ದಿದ್ದೆ. ಫೋನಿನ ಲೈನುಗಳೆಲ್ಲ ಸತ್ತಿದ್ದವು. ಮಾರನೆಯ ಬೆಳಿಗ್ಗೆ ಮೇಲಿನ ಮನೆಯ ಪಂಢರಿನಾಥ ರಾಯರು ಬಾಗಿಲು ಒಡೆದು, ಮಂಚದ ಮೇಲೆ ಸೊಂಟದವರೆಗೆ ನೀರಿನಲ್ಲಿ ಕುಳಿತಿದ್ದ ಅಮ್ಮನನ್ನು ಕುರ್ಚಿಯಲ್ಲಿ ಹೊತ್ತು ಮಹಡಿಗೆ ಸಾಗಿಸಿದರು. ಆರನೆಯ ದಿನ ಎದೆ ಕಟ್ಟಿ ಹೋದಳು. ಇದನ್ನೆಲ್ಲ ನಿನಗೆ ಆಗಲೇ ಹೇಳಿದ್ದೇನೆ. ಆಮೇಲೆ ನಾನು ಹನ್ನೊಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೂ ಗೊತ್ತು: ನೀರು ಬರುತ್ತಿದೆಯೆಂದು ಅಂದು ಯಾರಿಗೆ, ಎಷ್ಟು ಗಂಟೆಗೆ ತಿಳಿಯಿತು, ತಿಳಿದವರು ಏನು ಮಾಡಿದರು? ಒಂದಕ್ಕೂ ನೆಟ್ಟಗೆ ಉತ್ತರ ಬರಲಿಲ್ಲ. ಎಲ್ಲರೂ ಮರೆತರು, ನಾನು ಮರೆಯಲಿಲ್ಲ ಎಂದು ಬೀಗಿಕೊಂಡೇ ಇಷ್ಟು ವರ್ಷ ಕಳೆದೆ.

ಭಾವನವರಿಗೆ ನಮಸ್ಕಾರ ತಿಳಿಸು. ಶ್ರೀಯಾಳಿಗೆ ಮಾವನ ಆಶೀರ್ವಾದ. ಚೆನ್ನಾಗಿ ಓದಲಿ, ಹೊತ್ತಿಗೆ ಸರಿಯಾಗಿ ಉಣ್ಣಲಿ. ನಿನ್ನ ಕಾಲು ಬೇಗ ಗುಣವಾಗಲಿ.

ನಿನ್ನ ಅಣ್ಣಯ್ಯ,
ಕೃಷ್ಣಪ್ರಸಾದ

ಮ. ಬಿ.: ಚಂದ್ರಮತಿ ತರಕಾರಿಗೆ ಹೋಗಿದ್ದಾಳೆ, ಬರುವುದರೊಳಗೆ ಬರೆಯುತ್ತೇನೆ. ಲೈನು ಸತ್ತಿರಲಿಲ್ಲ ಸೀತಾ. ಆ ಮಧ್ಯಾಹ್ನ ಮೂರೂಮುಕ್ಕಾಲಿಗೆ ಅಮ್ಮ ಫೋನ್ ಮಾಡಿದಳು. ನಮ್ಮ ಬೀದಿಯ ಚರಂಡಿಯ ಹೂಳು ತೆಗೆಯದವರನ್ನು ಬೈದು ಪತ್ರಿಕೆಗೆ ಬರೆಯುತ್ತಿದ್ದೆ. ವಾಕ್ಯ ಮುಗಿಯಲಿ ಎಂದು ಫೋನನ್ನು ಮಗುಚಿಟ್ಟೆ. ಮತ್ತೆ ಬಂತು. ಮೂರನೆಯ ಸಲ ಆಫ್ ಮಾಡಿದೆ. ಐದು ಗಂಟೆಗೆ ಆನ್ ಮಾಡಿದಾಗ ನಿಜಕ್ಕೂ ಲೈನ್ ಇರಲಿಲ್ಲ. ಅವಳು ಏನು ಹೇಳಹೊರಟಿದ್ದಳೋ ನನಗೆ ಗೊತ್ತಿಲ್ಲ. ಸಮಾರಾಧನೆಯ ದಿನ ನೀನು ಬಂಧುಗಳಿಗೆಲ್ಲ ಹೆಮ್ಮೆಯಿಂದ ಓದಿ ಹೇಳಿದೆಯಲ್ಲ, ಅಚ್ಚಾದ ಆ ಪತ್ರ, ಆಗ ನಾನು ಬರೆಯುತ್ತಿದ್ದುದು ಅದನ್ನೇ. ಊರಿನ ಮೇಲೆ ಸಿಟ್ಟು ಬೇಡ, ಅದು ನನ್ನ ಪಾಲಿನದು. ಶ್ರೀಯಾಳನ್ನು ಕಳಿಸುವುದೋ ಬಿಡುವುದೋ ಇದನ್ನು ಓದಿದ ಮೇಲೆ ನೀನೇ ತೀರ್ಮಾನಿಸು. ಅಲ್ಲಿಯವರೆಗೆ ಏಳುಮಲೈಗೆ ಬರಬೇಡ ಎಂದಿದ್ದೇನೆ.